ದೆವ್ವಗಳಿಗೂ ಚಪ್ಪಲಿ ಕಚ್ಚುತ್ತದೆ

ಒಂದು ದಿನ ಸುಮ್ಮನೆ ಕೂತು ಚಪ್ಪಲಿ ಹೊಲಿಯೋಣ ಅಂದರೆ ಅದು ನನ್ನ ಹಣೆಯಲ್ಲಿ ಬರೆದಿಲ್ಲ. ಬೇರೆಯವರ ಅಂಗಡಿಗೆ ಬದುಕಿದ್ದವರು ಬರುತ್ತಾರೆ, ಕೆಲಸ ಮುಗಿಸಿಕೊಂಡು ಹೋಗುತ್ತಾರೆ. ನನ್ನ ಪೆಟ್ಟಿಗೆಯ ಮುಂದೆ ಸತ್ತವರೂ ಬಂದು ಕಾಲು ಚಾಚುತ್ತಾರೆ. ಸತ್ತವರಿಗೆ ಅವಸರ ಇರುವುದಿಲ್ಲ, ಹಾಗಾಗಿ ಬೇಗ ಎದ್ದು ಹೋಗುವುದೂ ಇಲ್ಲ.

ನಾನು ಹೇಳುತ್ತಿರುವ ಗೋವಾದಲ್ಲಿ ದೆವ್ವಗಳಿಗೆ ರೇಷನ್ ಕಾರ್ಡ್ ಇತ್ತು. ಸತ್ತ ಮೇಲೂ ಊರು ಬಿಡದವರನ್ನು ಸರಕಾರ ಊರಿನವರೆಂದೇ ಹಿಡಿದಿತ್ತು. ಅವರೂ ಸೀಮೆಎಣ್ಣೆಗೆ ಸಾಲು ನಿಲ್ಲುತ್ತಿದ್ದರು, ಬಸ್ಸಿನಲ್ಲಿ ಸೀಟಿಗೆ ಕರವಸ್ತ್ರ ಹಾಕುತ್ತಿದ್ದರು. ದೆವ್ವ ರಾತ್ರಿ ತಿರುಗುತ್ತದೆ ಅನ್ನುವುದೆಲ್ಲ ಹಳೇ ಮಾತು. ಆಫೀಸು, ಅಂಗಡಿ ಎಲ್ಲ ಹಗಲಲ್ಲಿ ತೆರೆದಿರುವಾಗ ರಾತ್ರಿ ಬಂದು ಅವು ಮಾಡುವುದಾದರೂ ಏನು?

ನಾನು ಅಥಣಿ ಕಡೆಯವನು. ಎಂಬತ್ತರ ದಶಕ ಶುರುವಾಗುತ್ತಿದ್ದಾಗ ಹೆಂಡತಿಯನ್ನು ಕಟ್ಟಿಕೊಂಡು ಇಲ್ಲಿಗೆ ಬಂದೆ. ಬಂದರಿನಿಂದ ಸಡಾ ಗುಡ್ಡಕ್ಕೆ ಏರುವ ರಸ್ತೆಯ ತಿರುವಿನಲ್ಲಿ ಒಂದು ಅರಳಿ ಮರವಿದೆ. ಅದರ ಕೆಳಗೆ ಒಂದು ತಗಡಿನ ಪೆಟ್ಟಿಗೆ, ಒಂದು ಹರಕು ಛತ್ರಿ, ನಾನು. ಕೂತಲ್ಲಿಂದ ಸಮುದ್ರ ಕಾಣುತ್ತದೆ. ಕಾಣುತ್ತದೆ ಅಷ್ಟೇ. ಬಂದು ಐದು ವರ್ಷವಾದರೂ ಆ ನೀರಿನಲ್ಲಿ ಕಾಲಿಟ್ಟಿರಲಿಲ್ಲ. ಏಕೆಂದರೆ ನನಗೆ ಜಾಗದ ಕಾಗದ ಇರಲಿಲ್ಲ. ಕಾಗದವಿಲ್ಲದವನು ಒಂದು ದಿನ ಎದ್ದರೆ ಮುನಸಿಪಾಲ್ಟಿ ವ್ಯಾನು ಪೆಟ್ಟಿಗೆ ಎತ್ತಿಕೊಂಡು ಹೋಗುತ್ತದೆ, ಇಲ್ಲವೇ ಮತ್ತೊಬ್ಬ ಬಂದು ಕೂರುತ್ತಾನೆ. ನನಗೆ ದೊಡ್ಡ ಆಸೆಗಳೇನೂ ಇರಲಿಲ್ಲ. ಒಂದು ದಿನ ರಜೆ ಬೇಕಿತ್ತು. ದಂಡೆಗೆ ಹೋಗಿ, ಮಂದಿಯ ಕಾಲು ನೋಡದೆ, ನನ್ನ ಕಾಲು ಚಾಚಿ ಮಲಗಬೇಕಿತ್ತು.

ಬೆರಳು ಇತ್ತ, ಮಾರಿ ಅತ್ತ

ಬಂದ ಹೊಸತು. ತಲೆ ತಗ್ಗಿಸಿ ಅಟ್ಟೆ ಕೊಯ್ಯುತ್ತಿದ್ದೆ. ಎದುರಿಗೆ ಎರಡು ಕಾಲು ಬಂದು ನಿಂತವು, ಬೆರಳು ನನ್ನ ಕಡೆಗೆ. ನಮ್ಮ ಕೆಲಸದಲ್ಲಿ ಕಾಲೇ ಮುಖ, ಮೇಲೆ ನೋಡುವುದು ಕಡಿಮೆ.

"ಏನಾಗೇತ್ರಿ ಅಕ್ಕಾರ?" ಎಂದೆ.

"ಉಂಗುಷ್ಟ ಕಿತ್ತೈತಿ," ಎಂದು ಹೆಂಗಸಿನ ದನಿ ಬಂತು, ಹೆಬ್ಬೆರಳಿನ ಪಟ್ಟಿ ಕಿತ್ತಿದೆ ಅಂತ. ಆದರೆ ರಸ್ತೆಯ ಆಚೆಯಿಂದ ಬಂದಂತೆ.

"ಈ ಕಡೆ ಮಾರಿ ಮಾಡಿ ಮಾತಾಡ್ರಿ, ಕೇಳ್ಸೂದಿಲ್ಲ."

ಕಾಲು ತಿರುಗಿದವು. ಈಗ ದನಿ ಹತ್ತಿರ ಬಂತು, ಆದರೆ ಹಿಮ್ಮಡಿ ನನ್ನ ಕಡೆಗೆ. ನನಗೆ ಸಿಟ್ಟು ಬಂತು. "ಮಾತಾಡೂ ಮುಂದ ಯಾರರೆ ಬೆನ್ನು ತೋರಸ್ತಾರೇನ್ರಿ?" ಎಂದೆ. ಪಾಪ, ಮತ್ತೆ ತಿರುಗಿದಳು. ಹೀಗೆ ಬುಗುರಿಯಂತೆ ನಾಲ್ಕು ಸಲ ತಿರುಗಿಸಿದೆ. ಕೊನೆಗೆ ಆಕೆ ಹೇಳಿದಳು, "ಅಣ್ಣಾ, ನನ್ನ ಕೂಡ ಮಾತಾಡ್ತಿಯೋ, ಬೆರಳಿನ ಕೂಡ ಮಾತಾಡ್ತಿಯೋ, ಒಂದು ಠರಾಯಿಸು."

ಆಗ ಮೇಲೆ ನೋಡಿದೆ. ಪಾದ ಹಿಂದುಮುಂದಾಗಿದ್ದ ಹೆಣ್ಣು ದೆವ್ವ. ಬಿಜಾಪುರ ಕಡೆಯವಳು, ದುಡಿಯಲು ಹೊರಟ ತನ್ನ ಮಂದಿಯ ಹಿಂದೆ ತಾನೂ ಲಾರಿ ಹತ್ತಿ ಬಂದಿದ್ದಳು. ಬಂದರಿನ ಕ್ಯಾಂಟೀನಿನಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ನಾಚಿಕೆಯಾಗಿ ಒಂದು ಹೊಸ ಜೋಡು ಚೆನ್ನಾಗಿ ಹೊಲಿದುಕೊಟ್ಟೆ. ಎರಡು ದಿನಕ್ಕೆ ಬಂದಳು. "ಕಚ್ಚತಾವ ಅಣ್ಣಾ." ಸಡಿಲು ಮಾಡಿದೆ. ಮತ್ತೆ ಎರಡು ದಿನಕ್ಕೆ ಬಂದಳು. ಎಣ್ಣೆ ಹಚ್ಚಿದೆ, ಬಡಿದೆ, ಅಂಚು ಕೆತ್ತಿದೆ. ನನ್ನೆದುರು ಹಾಕಿಕೊಂಡರೆ ಸರಿ ಇರುತ್ತಿತ್ತು, ಮರುದಿನ ಬೆಳಿಗ್ಗೆ ಕುಂಟುತ್ತ ಬರುತ್ತಿದ್ದಳು.

ತಿಂಗಳಾದ ಮೇಲೆ ಕಾರಣ ಸಿಕ್ಕಿತು. ಪಾದ ತಿರುಗಿದ್ದರಿಂದ ಆಕೆ ಬಾಗಿಲಲ್ಲಿ ಬಿಟ್ಟ ಚಪ್ಪಲಿ ನೋಡಿದವರಿಗೆ ಎಡ ಬಲ ಅದಲು ಬದಲಾದಂತೆ ಕಾಣುತ್ತಿತ್ತು. ಚಪ್ಪಲಿ ಓರೆಕೋರೆಯಾಗಿ ಬಿದ್ದರೆ ಮನೆಯಲ್ಲಿ ಜಗಳ ಅಂತ ನಮ್ಮ ಮಂದಿಯ ನಂಬಿಕೆ. ಪಕ್ಕದ ಮನೆಯ ಮುದುಕಿ ದಿನಾ ಬೆಳಿಗ್ಗೆ ಪುಣ್ಯದ ಕೆಲಸವೆಂದು ಅವನ್ನು ಸರಿಮಾಡಿ ಇಡುತ್ತಿದ್ದಳು. ಈಕೆ ಬಂದರಿನ ಸೈರನ್ನಿನ ಗಡಿಬಿಡಿಯಲ್ಲಿ ನೋಡದೆ ಕಾಲು ತೂರಿಸಿ ಓಡುತ್ತಿದ್ದಳು. ಮುದುಕಿಗೆ ಹೇಳಿದರೆ ಕೇಳಲಿಲ್ಲ. "ನಾ ಇರೂತನಾ ಆ ಮನ್ಯಾಗ ಜಗಳ ಆಗಗೊಡೂದಿಲ್ಲ" ಅಂದಳು.

ಕೊನೆಗೆ ಎಡ ಬಲ ಅನ್ನದೆ ಎರಡನ್ನೂ ಒಂದೇ ಆಕಾರದಲ್ಲಿ ಮಾಡಿಕೊಟ್ಟೆ. ಈಗ ಎರಡೂ ಕಚ್ಚುತ್ತವೆ, ಆದರೆ ಸಮನಾಗಿ ಕಚ್ಚುತ್ತವೆ. ಆಕೆ ಮತ್ತೆ ತಕರಾರು ತಂದಿಲ್ಲ.

ಗವರ್ನರು ಬರುವ ದಿನ

ಪೋರ್ತುಗೀಸ್ ಸಿಪಾಯಿಯ ದೆವ್ವವೊಂದು ದಿನಾ ಬೆಳಿಗ್ಗೆ ಎಂಟಕ್ಕೆ ಬೂಟು ಪಾಲಿಶಿಗೆ ಬರುತ್ತಿತ್ತು. ಬಿಳಿಯರನ್ನು ಇಲ್ಲಿಯವರು ಪಾಕ್ಲೊ ಅನ್ನುತ್ತಾರೆ, ನಾವೂ ಹಾಗೇ ಕರೆಯುತ್ತಿದ್ದೆವು. ಜ್ವರ ಬಂದು ಸತ್ತವನು. ಅವನ ಸರಕಾರ ಹಡಗು ಹತ್ತಿ ಹೋಗುವಾಗ ಇವನಿಗೆ ಹೇಳಲು ಮರೆತಿತ್ತು. ಬೂಟು ಚಾಚಿ ಕೊಂಕಣಿಯಲ್ಲಿ ಒಂದೇ ಮಾತು: "ಆಯ್ಜ್ ಗವರ್ನಾದೋರ ಯೆತಾ." ಇವತ್ತು ಗವರ್ನರು ಬರುತ್ತಾರೆ ಅಂತ. ಪಾಲಿಶ್ ಮುಗಿದ ಮೇಲೆ ರಸ್ತೆಯ ಅಂಚಿನಲ್ಲಿ ಸಂಜೆಯ ತನಕ ನೆಟ್ಟಗೆ ನಿಲ್ಲುತ್ತಿದ್ದ.

ನಾಲ್ಕು ವರ್ಷ ತಡೆದೆ. ಒಂದು ದಿನ ಬಿಸಿಲು ಜೋರಿತ್ತು, ನನ್ನ ತಲೆಯೂ ಕೆಟ್ಟಿತ್ತು. ಹೇಳಿಬಿಟ್ಟೆ. "ಸಾಹೇಬ್ರ, ನಿಮ್ಮ ಗವರ್ನರು ಬರೂದಿಲ್ಲ. ನಿಮ್ಮವರು ಹೋಗಿ ಇಪ್ಪತ್ತು ವರ್ಸದ ಮ್ಯಾಲಾತು."

ಅವನು ಬೂಟು ನೋಡಿಕೊಂಡ. "ಗೊತ್ತು," ಅಂದ. ಇಷ್ಟು ದಿನ ಸಡಾದಲ್ಲಿರುವ ನಮ್ಮ ಕನ್ನಡದ ಮಂದಿಯ ಮಾತು ಕೇಳಿ ಕೇಳಿ ಕನ್ನಡ ಬರುತ್ತಿತ್ತು. "ಗೊತ್ತಿದ್ದೂ ಯಾಕ ನಿಂದರತೀರಿ?" ಅಂದೆ.

"ನೀ ಯಾಕ ದಿನಾ ಇಲ್ಲಿ ಕೂಡ್ರತಿ?" ಅಂದ. "ಸಾಕು, ಮನಿಗಿ ಹೋಗು ಅಂತ ನನಗೂ ಯಾರೂ ಹೇಳಿಲ್ಲ, ನಿನಗೂ ಯಾರೂ ಹೇಳಿಲ್ಲ."

ಆ ಮಾತು ನನಗೆ ತಾಕಿತು. ಅವತ್ತೆಲ್ಲ ಕೆಲಸ ಓಡಲಿಲ್ಲ. ಮರುದಿನ ಎಂಟಕ್ಕೆ ಅವನು ಬಂದ. ಎಂದಿಗಿಂತ ಹೆಚ್ಚು ಹೊತ್ತು ತಿಕ್ಕಿ ಪಾಲಿಶ್ ಮಾಡಿದೆ. "ಇವತ್ತು ಬರ್ತಾರೇನ್ರಿ ಗವರ್ನರು?" ಎಂದು ನಾನೇ ಕೇಳಿದೆ. "ಇವತ್ತು ನಕ್ಕಿ," ಅಂದ, ಖಂಡಿತ ಅಂತ. ಇಬ್ಬರೂ ರಸ್ತೆಯ ಕಡೆ ನೋಡಿದೆವು. ಅದಿರು ತುಂಬಿದ ಲಾರಿ ಬಂತು, ಇಬ್ಬರ ಮೈಮೇಲೂ ಕೆಂಧೂಳು ಸುರಿದು ಹೋಯಿತು. ಅವನು ಮತ್ತೆ ಬೂಟು ಚಾಚಿದ.

ಮುಟ್ಟದೆ ಅಳತೆ

ನಮ್ಮ ಅರಳಿ ಮರದ ಮೇಲೆ ಒಬ್ಬ ಬ್ರಹ್ಮರಾಕ್ಷಸ ಇದ್ದರು. ಧಾರವಾಡ ಕಡೆಯ ಶಾಸ್ತ್ರಿಗಳು. ಕಾಶಿಗೆಂದು ಹೊರಟು ದಾರಿ ತಪ್ಪಿ ಗೋವಾಕ್ಕೆ ಬಂದು ಮುನ್ನೂರು ವರ್ಷದ ಹಿಂದೆ ಇಲ್ಲೇ ಸತ್ತಿದ್ದರಂತೆ. ಕಾಶಿಗೆ ಹೊರಟವರು ಸಮುದ್ರ ಕಾಣುವ ತನಕ ಯಾರನ್ನೂ ದಾರಿ ಕೇಳಲಿಲ್ಲವೇ ಅಂದರೆ, ಕೇಳಬಹುದಾದ ಮಂದಿ ಸಿಗಲಿಲ್ಲ ಅನ್ನುತ್ತಿದ್ದರು.

ಒಂದು ದಿನ ಟೊಂಗೆಯಿಂದ ಹೇಳಿದರು, "ನೋಡಪಾ, ಸಂಜೀಕೆ ಅಡ್ಡಾಡೂ ಮುಂದ ಅದಿರಿನ ಹಳ್ಳು ಚುಚ್ಚತಾವ. ಒಂದು ಜೋಡು ಬೇಕು. ಚರ್ಮ ನಡಿಯಂಗಿಲ್ಲ. ನೀ ಮುಟ್ಟೂದೂ ನಡಿಯಂಗಿಲ್ಲ."

ಚರ್ಮ ಬೇಡವೆಂದರೆ ಲಾರಿ ಟಾಯರಿದೆ. ಮುಟ್ಟದೆ ಅಳತೆ ತೆಗೆಯುವುದು ಹೇಗೆ? ನೆಲದ ಮೇಲೆ ಧೂಳು ಹರಡಿ "ಇದರ ಮ್ಯಾಲ ನಿಂದರ್ರಿ" ಅಂದೆ. ನಿಂತರು, ಇಳಿದರು. ಧೂಳು ಹಾಗೇ ಇತ್ತು. ಒದ್ದೆ ಉಸುಕು ತಂದೆ. ಗುರುತಿಲ್ಲ. ನಮ್ಮಾಕಿ, ಅಂದರೆ ನನ್ನ ಹೆಂಡತಿ, ಮನೆಯಿಂದ ಜೋಳದ ಹಿಟ್ಟು ತಂದು ಹರಡಿದಳು. ಅದೂ ಆಗಲಿಲ್ಲ. ದೆವ್ವಕ್ಕೆ ಹೆಜ್ಜೆಗುರುತು ಬೀಳುವುದಿಲ್ಲ ಅನ್ನುವುದು ಮೂವರಿಗೂ ಹೊಳೆಯಲು ಅರ್ಧ ಸೇರು ಹಿಟ್ಟು ಹಾಳಾಯಿತು.

ಕೊನೆಗೆ ಕಣ್ಣು ಮುಚ್ಚಿ ಕಾಲು ನೀಡಿದರು. ಹಿಡಿದು ಅಳೆದೆ. ಕೂಡಲೇ ಗುಡ್ಡ ಇಳಿದು ಸಮುದ್ರದಲ್ಲಿ ಮುಳುಗು ಹಾಕಿ ಬಂದರು. ಅಟ್ಟೆ ಕೊಯ್ದು ಹಿಡಿದು ನೋಡಿದೆ. ಮತ್ತೆ ಮುಳುಗು. ಬಾರು ಎಳೆದು ನೋಡಿದೆ, ಮುಳುಗು. ಉಂಗುಷ್ಟಕ್ಕೆ ಎರಡು ಸಲ. ಅವರು ಒಂದೇ ದಿನ ಐದು ಸಲ ಮುಳುಗಿದ ಸಮುದ್ರವನ್ನು ನಾನು ಐದು ವರ್ಷದಿಂದ ದೂರದಲ್ಲಿ ನೋಡುತ್ತ ಕೂತಿದ್ದೆ. ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯಲಿಲ್ಲ.

ನಮ್ಮಾಕಿಗೆ ತಿಳಿಯಿತು. ಹಿಟ್ಟಿನ ಬುಟ್ಟಿ ಹಿಡಿದುಕೊಂಡು ಕೇಳಿಯೇಬಿಟ್ಟಳು, "ಅಲ್ರಿ, ನೀವು ಸತ್ತು ಮುನ್ನೂರು ವರ್ಸ ಆತು. ಮೈಲಿಗಿ ಇನ್ನೂ ಸತ್ತಿಲ್ಲೇನ್ರಿ?"

ಶಾಸ್ತ್ರಿಗಳು ಒದ್ದೆ ಧೋತರ ಹಿಂಡುತ್ತ, "ಅದು ಆತ್ಮದ ಸಂಗಾಟ ಬರ್ತದವಾ," ಅಂದರು.

"ಹೆಜ್ಜಿಗುರ್ತು ಬರಲಿಲ್ಲ. ಮೈಲಿಗಿ ಅಷ್ಟು ಮರೀದಂಗ ಕಟಗೊಂಡು ಬಂದೀರಿ ನೋಡ್ರಿ," ಅಂದಳು.

ನನ್ನ ಒಂದೇ ರಜೆ

ಐದನೇ ವರ್ಷದ ಮಳೆಗಾಲದಲ್ಲಿ ನನಗೆ ಚಳಿಜ್ವರ ಬಂತು. ಎದ್ದು ಕೂರಲು ಆಗಲಿಲ್ಲ. ನಮ್ಮಾಕಿಯನ್ನು ಪೆಟ್ಟಿಗೆ ಕಾಯಲು ಕಳಿಸಿದೆ. ಜೊತೆಗೆ ಪಾಕ್ಲೊ ಇದ್ದಾನಲ್ಲ, ಸಿಪಾಯಿ, ನೋಡಿಕೊಳ್ಳುತ್ತಾನೆ ಎಂದು ಧೈರ್ಯ. ಆ ಧೈರ್ಯದ ಮೇಲೆ ಕಂಬಳಿ ಹೊದ್ದು ಮಲಗಿದೆ.

ಅವತ್ತೇ ಮುನಸಿಪಾಲ್ಟಿ ವ್ಯಾನು ಬಂತು. ಇನ್ಸ್‌ಪೆಕ್ಟರು ಇಳಿದು ಕಾಗದ ಕೇಳಿದರು. ನಮ್ಮಾಕಿ ಜಗಳ ತೆಗೆದಳು. ಆಕೆ ಜಗಳ ತೆಗೆದರೆ ಯಾವ ಇನ್ಸ್‌ಪೆಕ್ಟರೂ ಅರ್ಧ ಗಂಟೆಯಲ್ಲಿ ಸೋಲುತ್ತಾನೆ. ಅವರೂ ಸೋಲುವುದರಲ್ಲಿದ್ದರು. ಆಳುಗಳು ಪೆಟ್ಟಿಗೆ ಮುಟ್ಟಲು ಹೆದರಿ ದೂರ ನಿಂತಿದ್ದರು. ಇನ್ಸ್‌ಪೆಕ್ಟರು ಸೋತ ಮುಖ ಮುಚ್ಚಿಕೊಳ್ಳಲು ಯಾರ ಕಡೆಯೂ ನೋಡದೆ ಒಂದು ಸಲ ಜೋರಾಗಿ ಅಂದರು, "ಉಠಾವ್."

ಪಾಕ್ಲೊ ಪಟ್ಟನೆ ಸಲಾಮು ಹೊಡೆದ. ಒಬ್ಬನೇ ಪೆಟ್ಟಿಗೆಯನ್ನು ಹೆಗಲ ಮೇಲೆ ಎತ್ತಿ ವ್ಯಾನಿನಲ್ಲಿಟ್ಟ. ಛತ್ರಿ ಮಡಚಿ ಇಟ್ಟ. ನಮ್ಮಾಕಿ ಕೂತಿದ್ದ ಗೋಣಿತಟ್ಟನ್ನೂ, "ಸ್ವಲ್ಪ ಏಳ್ರಿ ಬಾಯಿ," ಎಂದು ಕೇಳಿ, ಝಾಡಿಸಿ ಇಟ್ಟ. ಆಮೇಲೆ ವ್ಯಾನಿನ ಬಾಗಿಲು ಹಾಕಿ ಮತ್ತೊಂದು ಸಲಾಮು ಹೊಡೆದ.

ಸಂಜೆ ನನ್ನ ಹಾಸಿಗೆಯ ಹತ್ತಿರ ಬಂದು ನಿಂತ. ಕಣ್ಣಲ್ಲಿ ನೀರಿತ್ತು. "ಮಾಫ್ ಮಾಡು," ಅಂದ. "ಇಪ್ಪತ್ತೈದು ವರ್ಸದ ಮ್ಯಾಲ ಒಂದು ಹುಕುಂ ಬಂತು. ಬಿಡಾಕ ಮನಸ್ಸಾಗಲಿಲ್ಲ."

ಗಡಿಯವನ ಕಾಲು

ಪೆಟ್ಟಿಗೆ ಬಿಡಿಸಿಕೊಳ್ಳಲು ಹೋದಾಗ ಇನ್ಸ್‌ಪೆಕ್ಟರು ಬೈಯಲಿಲ್ಲ. ಅವರೂ ದಣಿದ ಮನುಷ್ಯ. "ಒಂದು ಕಾಗದ ಮಾಡಿಸಿಕೊ ಮಾರಾಯಾ. ಇದೊಂದು ವರ್ಷ ನೋಡದವರಂತೆ ಇರ್ತೀನಿ. ಆ ಮೇಲೆ ಕಾಗದ ಇಲ್ಲದಿದ್ದರೆ ಪೆಟ್ಟಿಗೆ ವಾಪಸು ಸಿಗೋದಿಲ್ಲ. ನಿನ್ನ ಗಡಿಯವನ ಸಹಿ ತಗೊಂಡು ಬಾ," ಅಂದರು.

ಗಡಿಯವ ಅಂದರೆ ದೇವಚಾರ. ಗೋವಾದ ಪ್ರತಿ ಊರಿಗೂ ಒಬ್ಬ ಇರುತ್ತಾನೆ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು, ಬಾಯಲ್ಲಿ ಬೀಡಿ. ದಿನಾ ಊರಿನ ಗಡಿ ಸುತ್ತಿ ಬರುವುದು ಅವನ ಕೆಲಸ. ವರ್ಷಕ್ಕೊಮ್ಮೆ ಊರಿನ ಕಮಿಟಿಯವರು ಅವನ ಕಲ್ಲಿನ ಮುಂದೆ ರೊಟ್ಟಿ, ಫೆಣಿ, ಒಂದು ಕಟ್ಟು ಬೀಡಿ, ಒಂದು ಜೊತೆ ಹೊಸ ಚಪ್ಪಲಿ ಇಡುತ್ತಾರೆ. ಹಳೇ ಜೊತೆಯನ್ನು ಎತ್ತಿ ತಿರುಗಿಸಿ ನೋಡುತ್ತಾರೆ. ಅಟ್ಟೆ ಸವೆದು ತೂತಾಗಿರುತ್ತದೆ. ನಮಗಾಗಿ ಇಷ್ಟು ನಡೆದನಲ್ಲ ಎಂದು ಎಲ್ಲರೂ ಕೈ ಮುಗಿಯುತ್ತಾರೆ.

ಅವನ ಕಲ್ಲಿನ ಹತ್ತಿರ ಹೋಗಿ ಸಹಿ ಕೇಳಿದೆ. ದೇವಚಾರನಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. ಅವನ ಗಡಿಯೊಳಗೆ ನಮ್ಮ ಮಂದಿಯೇ ತುಂಬಿದ ಮೇಲೆ ಅವನಾದರೂ ಏನು ಮಾಡಿಯಾನು. ಕಾಲೆತ್ತಿ ತೋರಿಸಿದ. ಅಂಗಾಲು ಒಡೆದ ಹೊಲದಂತಿತ್ತು.

"ಪಳೆ," ಅಂದ, ನೋಡು ಅಂತ. "ಬಜಾರದಾಗ ಎಲ್ಲಾಕ್ಕಿಂತ ಸೋವಿ ಇದ್ದದ್ದು ತಂದು ಇಡತಾರ. ಹದಿನೈದು ದಿನಕ್ಕ ಹರದು ಹೋಗತೈತಿ. ಉಳದ ವರ್ಸೆಲ್ಲಾ ಬರಿಗಾಲ. ಕಾಯೂ ದೇವರು ಚಪ್ಪಲಿ ಕೇಳಬಾರದಂತ, ಇಟ್ಟದ್ದು ತಗೋಬೇಕಂತ. ನೀ ಒಂದು ವರ್ಸ ಬಾಳೂವಂಥಾ ಜೋಡು ಹೊಲಿ. ಅದು ಬಾಳಿದ ದಿನ ನಿನ್ನ ಕಾಗದಕ್ಕ ಸಹಿ."

ಕೊನೆಗೂ ಒಬ್ಬರು ನನ್ನಿಂದ ಒಳ್ಳೆಯ ಚಪ್ಪಲಿ ಕೇಳಿದ್ದರು. ಕಮಿಟಿಯವರಿಗೆ ಹೇಳಿದೆ, ಪುಕ್ಕಟೆ ಎಂದದ್ದಕ್ಕೆ ಒಪ್ಪಿದರು. ಎಮ್ಮೆ ಚರ್ಮ ಎರಡು ಪದರ, ನಡುವೆ ಲಾರಿ ಟಾಯರು, ಕೆಳಗೆ ಎತ್ತಿನ ಲಾಳಕ್ಕೆ ಹೊಡೆಯುವ ಮೊಳೆ. ಇಪ್ಪತ್ತು ದಿನ ಎಣ್ಣೆಯಲ್ಲಿ ನೆನೆಸಿ, ಬಡಿದು, ಒಂದೊಂದು ಹೊಲಿಗೆ ಎರಡು ಸಲ ಹಾಕಿದೆ. ನನ್ನಪ್ಪ ಬದುಕಿದ್ದರೆ ಆ ಜೋಡು ನೋಡಿ ಅಳುತ್ತಿದ್ದ.

ವರ್ಷವೆಲ್ಲ ದೇವಚಾರ ವಾರಕ್ಕೊಮ್ಮೆ ನನ್ನ ಪೆಟ್ಟಿಗೆಗೆ ಬಂದು ಅಂಗಾಲು ತೋರಿಸಿ ಹೋಗುತ್ತಿದ್ದ. ಒಡಕು ಮುಚ್ಚಿ ಕೂಸಿನ ಕಾಲಿನಂತಾಗಿತ್ತು. "ಬರೆಂ ಆಸಾ, ಭಾಳ ಬರೆಂ ಆಸಾ," ಅನ್ನುತ್ತಿದ್ದ, ಚೆನ್ನಾಗಿದೆ ಅಂತ. ಗೆಜ್ಜೆಯ ಸದ್ದಿನಲ್ಲೇ ಅವನ ಖುಷಿ ತಿಳಿಯುತ್ತಿತ್ತು. ನಾನು ರಜೆಯ ದಿನ ಯಾವ ದಂಡೆಗೆ ಹೋಗಬೇಕೆಂದು ಯೋಚಿಸತೊಡಗಿದ್ದೆ.

ಮೆಮೊ

ವರ್ಷ ತುಂಬಿದ ದಿನ ಕಮಿಟಿಯವರು ಕಲ್ಲಿನ ಮುಂದೆ ಸೇರಿದರು. ಅಧ್ಯಕ್ಷರು ಹಳೇ ಜೋಡು ಎತ್ತಿ ತಿರುಗಿಸಿದರು. ನಾನು ಎದೆ ಉಬ್ಬಿಸಿ ನಿಂತಿದ್ದೆ.

ಅಟ್ಟೆ ಹೊಸದರಂತಿತ್ತು. ಮೊಳೆಯ ತಲೆ ಕೂಡ ಸವೆದಿರಲಿಲ್ಲ.

ಯಾರೂ ಕೈ ಮುಗಿಯಲಿಲ್ಲ. ಅಧ್ಯಕ್ಷರು ಪಕ್ಕದವರಿಗೆ ತೋರಿಸಿದರು, ಅವರು ಮತ್ತೊಬ್ಬರಿಗೆ. ಒಬ್ಬ ಮುದುಕಿ ಅಂದಳು, "ಅದಕ್ಕೇ ನನ್ನ ಎರಡು ಕೋಳಿ ಹೋದವು." ಮತ್ತೊಬ್ಬರು, "ಅದಕ್ಕೇ ನನ್ನ ಮಗ ನಪಾಸಾದ," ಅಂದರು. ವರ್ಷವಿಡೀ ಊರಿನಲ್ಲಿ ಕೆಟ್ಟದ್ದಕ್ಕೆಲ್ಲ ಆಗ ಕಾರಣ ಸಿಕ್ಕಿತು: ದೇವಚಾರ ಗಡಿ ಸುತ್ತಿಲ್ಲ, ಒಂದು ವರ್ಷ ಕೂತು ಬೀಡಿ ಸೇದಿದ್ದಾನೆ.

ನಾನು ಮುಂದೆ ಹೋಗಿ, "ಅವ್ರು ದಿನಾ ನಡದಾರ್ರಿ. ಚಪ್ಪಲಿ ಚಲೋ ಅದಾವು, ಅದಕ್ಕ ಸವದಿಲ್ಲ," ಅಂದೆ.

ಅಧ್ಯಕ್ಷರು ತಮ್ಮ ಕಾಲಿನ ಹರಿದ ಚಪ್ಪಲಿ ತೋರಿಸಿದರು. "ಇದು ತಗೊಂಡು ಮೂರು ತಿಂಗಳು. ದಿನಾ ನಡೆದರೂ ವರ್ಷ ಬಾಳುವ ಚಪ್ಪಲಿ ಈ ಲೋಕದಲ್ಲಿ ಇದೆಯೇನು? ನೀನೇ ಹೇಳು." ದೆವ್ವ ಇದೆ ಅಂದರೆ ನಂಬುವ ಊರು ಒಳ್ಳೆಯ ಚಪ್ಪಲಿ ಇದೆ ಅಂದರೆ ನಂಬಲಿಲ್ಲ.

ಮರುದಿನ ದೇವಚಾರನ ಕಲ್ಲಿಗೆ ಮೆಮೊ ಅಂಟಿಸಿದರು. ಕರ್ತವ್ಯಲೋಪ. ಒಂದು ತಿಂಗಳ ಗಡುವು. ಹೊಸ ಜೋಡು ಕೊಡುತ್ತಾರೆ, ಅದು ಸವೆಯದಿದ್ದರೆ ಬೇರೆ ಊರಿನ ಗಡಿಯವನನ್ನು ಕರೆಸುತ್ತಾರೆ. ಅಲ್ಲಿಯ ತನಕ ಅವನ ಸಹಿಗೆ ಬೆಲೆ ಇಲ್ಲ.

ದೇವಚಾರ ಬಂದು ನನ್ನ ಪೆಟ್ಟಿಗೆಯ ಪಕ್ಕದಲ್ಲಿ ಕುಸಿದು ಕೂತ. "ನಾನೂರು ವರ್ಸ ನಡದೀನಿ. ಒಂದು ದಿನ ತಪ್ಪಿಸಿಲ್ಲ. ಕಾಲು ಹರದು ರಕ್ತ ಸೋರೂ ಮುಂದ ಎಲ್ಲಾರೂ ಕೈ ಮುಗದ್ರು. ಕಾಲು ನೆಟ್ಟಗ ಆತು, ಮೆಮೊ ಬಂತು," ಅಂದ. ನನಗೆ ತಡೆಯಲಾಗಲಿಲ್ಲ, ನಾನೂ ಅತ್ತೆ. "ಕಲ್ಲಿಗೆ ತಿಕ್ಕಿ ಸವಸೂಣೇನು?" ಎಂದು ಕೇಳಿದೆ. ಅವನು ತಲೆಯಾಡಿಸಿದ. "ಗಡಿ ಕಾಯೂವ ಖೊಟ್ಟಿ ಕೆಲಸ ಮಾಡೂದಿಲ್ಲ. ನಡದು ಸವೀಬೇಕು. ನೀ ಒಂದು ಕೆಟ್ಟ ಜೋಡು ಹೊಲದು ಕೊಡು."

ಸರಿ, ಕೆಟ್ಟದ್ದು ಹೊಲಿಯಲು ಕೂತೆ. ತೆಳು ಚರ್ಮ ತಂದೆ. ಕೈ ತಾನಾಗೇ ಎರಡು ಪದರ ಹಾಕಿತು. ಹೊಲಿಗೆ ದೂರ ದೂರ ಹಾಕಬೇಕೆಂದು ಬಿಟ್ಟರೆ, ಕಣ್ಣು ತಪ್ಪಿಸಿ ಬೆರಳು ನಡುವೆ ಒಂದು ಹಾಕಿಬಿಡುತ್ತಿತ್ತು. ಮೂರು ಜೋಡು ಮಾಡಿದೆ. ದೇವಚಾರ ಬಾರು ಹಿಡಿದು ತನ್ನ ಶಕ್ತಿಯೆಲ್ಲ ಹಾಕಿ ಎಳೆದ. ಹರಿಯಲಿಲ್ಲ. ಮೂರನೆಯದನ್ನು ಕೆಳಗಿಟ್ಟು ಇಬ್ಬರೂ ತಲೆ ಮೇಲೆ ಕೈ ಹೊತ್ತು ಕೂತೆವು.

ಬುತ್ತಿ ತಂದ ನಮ್ಮಾಕಿ ಸ್ವಲ್ಪ ಹೊತ್ತು ನೋಡಿದಳು. "ಸರೀರಿ ಅತ್ಲಾಗ," ಅಂದಳು. ಹುಟ್ಟಿದಾಗಿನಿಂದ ಚರ್ಮ ಕೊಯ್ಯುವ ರಂಪಿಗೆ ಹಿಡಿದವಳಲ್ಲ, ರೊಟ್ಟಿ ಹರಿದಂತೆ ಕೊಯ್ದಳು. ಒಂದು ಬಾರು ಉದ್ದ, ಒಂದು ಗಿಡ್ಡ. ರವಿಕೆಯ ನೂಲಿನಿಂದ ಹೊಲಿದಳು. ಮೊಳೆಯೊಂದನ್ನು ಕೆಳಗಿನಿಂದ ಹೊಡೆದಳು, ಅದರ ಚೂಪು ಮೇಲೆ ಬಂತು. ಊಟದ ಹೊತ್ತು ಮುಗಿಯುವುದರೊಳಗೆ ಜೋಡು ತಯಾರು.

ದೇವಚಾರ ಹಾಕಿಕೊಂಡು ಎದ್ದು ಒಂದು ಹೆಜ್ಜೆ ಇಟ್ಟು "ಆವೋಯ್" ಅಂದ. ಆಮೇಲೆ ನಕ್ಕ. ಒಂದು ವಾರದಲ್ಲಿ ನಾನು ನೋಡಿದ ಮೊದಲ ನಗು.

ಎಂಟನೇ ದಿನ ಚಪ್ಪಲಿಯ ಚೂರುಗಳನ್ನು ಕಂಬಳಿಯಲ್ಲಿ ಗಂಟು ಕಟ್ಟಿಕೊಂಡು ಕುಂಟುತ್ತ ಕಮಿಟಿಯ ಮುಂದೆ ನಿಂತ. ಅಧ್ಯಕ್ಷರು ಗಂಟು ಬಿಚ್ಚಿದರು. ಯಾವುದು ಎಡ, ಯಾವುದು ಬಲ, ಯಾವುದು ಬಾರು ಒಂದೂ ತಿಳಿಯುವಂತಿರಲಿಲ್ಲ. ಅಧ್ಯಕ್ಷರ ಕಣ್ಣು ತುಂಬಿ ಬಂತು. "ಎಂಟು ದಿನದಲ್ಲಿ ಒಂದು ವರ್ಷದ ನಡಿಗೆ ನಡೆದಿದ್ದಾನೆ," ಅಂದರು. ಕೋಳಿ ಕಳೆದುಕೊಂಡ ಮುದುಕಿ ಮೊದಲು ಕಾಲಿಗೆ ಬಿದ್ದಳು. ಮೆಮೊ ಹರಿದರು. ಇಷ್ಟು ದುಡಿಯುವವನಿಗೆ ಇದೊಂದೇ ಗುಡ್ಡ ಸಾಲದೆಂದು ಕೆಳಗಿನ ಬಂದರಿನ ಗಡಿಯನ್ನೂ ಅವನಿಗೇ ಸೇರಿಸಿದರು.

ಕಾಗದ

ದೇವಚಾರ ತಾನೇ ಕಾಗದ ಬರೆದು ಸಹಿ ಹಾಕಿಕೊಟ್ಟ. ಮುನಸಿಪಾಲ್ಟಿಗೆ ಓಡಿ ಹೋಗಿ, ಠಸ್ಸೆ ಹಾಕಿಸಿಕೊಂಡು, ಹೊರಗೆ ಬಂದು ಓದಿದೆ. ಅರಳಿ ಮರದ ಕೆಳಗಿನ ಜಾಗ, ಸರಿ. ಚಪ್ಪಲಿ ಅಂಗಡಿ, ಸರಿ. ಮಾಲಕರ ಹೆಸರಿನಲ್ಲಿ ನಮ್ಮಾಕಿಯ ಹೆಸರಿತ್ತು. ನನ್ನ ಹೆಸರು ಕೆಳಗೆ, "ಕೆಲಸಕ್ಕಿರುವವರು" ಎಂಬಲ್ಲಿ.

ದೇವಚಾರನ ಹತ್ತಿರ ಹೋದೆ. "ಇದೇನ್ರಿ?"

"ಚಪ್ಪಲಿ ಹೊಲದವರ ಹೆಸರಿಗೆ ಸಹಿ ಅಂತ ಮಾತಾಗಿತ್ತು."

"ನಾನೂ ಹೊಲದೀನಲ್ರಿ?"

"ಹೊಲದಿ. ನಿನ್ನ ಚಪ್ಪಲಿಗಿ ಬಂದದ್ದು ಮೆಮೊ," ಅಂದ. "ಸಹಿ ಬಂದದ್ದು ಆಕಿ ಚಪ್ಪಲಿಗಿ. ನಾ ಸುಳ್ಳು ಬರಿಯೂದಿಲ್ಲ."

ಇಷ್ಟು ಹೇಳಿ ಎದ್ದು ಹೊರಟ. ಕಾಲಲ್ಲಿ ನಾನು ಮೊದಲು ಹೊಲಿದುಕೊಟ್ಟ ಗಟ್ಟಿ ಜೋಡು ಇತ್ತು. ಅಂದಿನಿಂದ ಇಂದಿನ ತನಕ ದಿನಾ ನಡೆಯುವುದು ಅದರಲ್ಲೇ. ಕಲ್ಲಿನ ಮುಂದೆ ಮಂದಿ ನೋಡಲು ವರ್ಷಕ್ಕೊಂದು ಜೊತೆ ನಮ್ಮಾಕಿಯದು. ಕೈಗೆ ರೂಢಿಯಾಗಿ ಒಳ್ಳೆಯದು ಬಂದೀತೆಂದು ನಾವು ಆಕೆಗೆ ವರ್ಷಕ್ಕೆ ಒಂದರ ಮೇಲೆ ಹೊಲಿಯಗೊಡುವುದಿಲ್ಲ. ದೇವಚಾರ ವರ್ಷದ ಕೊನೆಯ ಎಂಟು ದಿನ ಅದನ್ನು ಹಾಕಿಕೊಂಡು ಹಲ್ಲು ಕಚ್ಚಿ ನಡೆದು ಹರಿಯುತ್ತಾನೆ. ಅದು ಖರೇ ನಡಿಗೆಯೇ ಆದ್ದರಿಂದ ಅವನಿಗೆ ಪಾಪವಿಲ್ಲ.

ಏನೇ ಇರಲಿ, ಕಾಗದ ಬಂತಲ್ಲ ಅಂದುಕೊಂಡೆ. ಹೆಸರು ಯಾರದಾದರೇನು, ಇನ್ನು ವ್ಯಾನು ಬರುವುದಿಲ್ಲ. ಆ ರವಿವಾರ ಬೆಳಿಗ್ಗೆ ಹಾಸಿಗೆಯಲ್ಲೇ ಹೇಳಿದೆ, "ಇವತ್ತು ನಾ ಬರೂದಿಲ್ಲ. ಸಮುದ್ರಕ್ಕ ಹೊಂಟೇನಿ."

ನಮ್ಮಾಕಿ ಆ ಹೊತ್ತಿಗಾಗಲೇ ಕಾಗದವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಳು. ಅದರ ಕಡೆ ಒಮ್ಮೆ ನೋಡಿ ನನ್ನ ಕಡೆ ನೋಡಿದಳು. "ರಜಾ ಬೇಕಾದ್ರ ಅರ್ಜಿ ಬರದು ಕೊಡ್ರಿ," ಅಂದಳು.

ಚೇಷ್ಟೆ ಅಂದುಕೊಂಡೆ. ಚೇಷ್ಟೆಯಾಗಿರಲಿಲ್ಲ. ಎದ್ದು ಕೂತು ಅರ್ಜಿ ಬರೆದೆ. ಒಂದು ದಿನದ ರಜೆ ದಯಪಾಲಿಸಬೇಕು, ಕಾರಣ ದಣಿವು. ಆಕೆಗೆ ಓದಲು ಬರುವುದಿಲ್ಲ. ಅರ್ಜಿ ಹಿಡಿದುಕೊಂಡು ಮರದ ಹತ್ತಿರ ಹೋದಳು, ಹಿಂದೆ ನಾನು. ಮುಟ್ಟಿಸಬಾರದೆಂದು ಸೀಳಿದ ಕೋಲಿಗೆ ಅದನ್ನು ಸಿಕ್ಕಿಸಿ ಟೊಂಗೆಯ ತನಕ ಎತ್ತಿ ಹಿಡಿದಳು. ಶಾಸ್ತ್ರಿಗಳು ಒದ್ದೆ ಧೋತರದಲ್ಲಿದ್ದರು. ಆಗಷ್ಟೇ ಸಮುದ್ರದಿಂದ ಬಂದಿದ್ದರು. ಎರಡು ಸಲ ಓದಿದರು.

"ಏನಂತ ಬರದಾರ್ರಿ?" ಎಂದು ನಮ್ಮಾಕಿ ಕೇಳಿದಳು.

"ದಣದೀನಿ ಅಂತ ಬರದಾನ," ಅಂದರು ಶಾಸ್ತ್ರಿಗಳು. "ಸತ್ತು ಮುನ್ನೂರು ವರ್ಷಾತು, ನಾನ ಇನ್ನೂ ದಣದಿಲ್ಲ. ಕಾರಣ ಸಾಲದು."